ಕೀಲು ಸವೆದಾಗ

ಚಪ್ಪಲಿಯ ಹಿಮ್ಮಡಿಯನ್ನು ತಿರುವಿ ನೋಡಿ, ಅದನ್ನು ಮೆಟ್ಟಿದವರ ನಡಿಗೆ ಎಂಥದೆಂದು ಹೇಳಬಲ್ಲ ಕುಶಲಿಗಳು ಹಿಂದೆ ನಮ್ಮ ಊರುಗಳಲ್ಲಿದ್ದರು. ಮುಂಬಯಿಯ ರೈಲ್ವೆ ಸ್ಟೇಶನ್ನುಗಳ ಹೊರಗೆ ಈಗಲೂ ಒಬ್ಬಿಬ್ಬರು ಸಿಕ್ಕಾರು. ಹೊರ ಅಂಚು ಸವೆದಿದ್ದರೆ ಒಂದು ಲಕ್ಷಣ, ಒಳ ಅಂಚು ಸವೆದಿದ್ದರೆ ಇನ್ನೊಂದು, ಒಂದೇ ಕಾಲಿನದು ಸವೆದಿದ್ದರೆ ಮತ್ತೊಂದು. ಹೊಸ ಅಟ್ಟೆ ಹಾಕಿಕೊಟ್ಟ ಮಾತ್ರಕ್ಕೆ ನಡಿಗೆ ನೆಟ್ಟಗಾಗದೆಂಬುದು ಅವರಿಗೂ ಗೊತ್ತು. ಆದರೆ ಮಂಡಿಯ ಮಾತು ತಮ್ಮ ಕಸುಬಿಗೆ ಸೇರಿದ್ದಲ್ಲವಾದ್ದರಿಂದ ಸುಮ್ಮನೆ ಹೊಲಿದು ಕೊಡುತ್ತಾರೆ. ಮೋಟಾರು ಗಾಡಿಯ ಟೈರೂ ಹೀಗೆಯೇ ಒಂದು ಚಪ್ಪಲಿ. ಗಾಡಿಯ ಮಂಡಿ, ಕಣಕಾಲುಗಳ ಸಮಾಚಾರವೆಲ್ಲ ಅದರ ಸವೆತದಲ್ಲಿ ಬರೆದಿರುತ್ತದೆ. ಟೈರು ಮಾರುವವರು ಆ ಬರಹವನ್ನು ಓದಬಲ್ಲರು. ಓದಿದ ಮೇಲೆ ಅವರು ಮಾಡುವುದು ಹೊಸ ಟೈರು ಮಾರುವುದನ್ನೇ. ಅದು ಅವರ ಕಸುಬು.

ನಾವು ಅಣ್ಣತಮ್ಮಂದಿರು ಕೂಡಿ ನಡೆಸುವುದು ಪಾತ್ರೆ-ಪಡಗ, ಕುರ್ಚಿ, ಜಮಖಾನೆಗಳನ್ನು ಮದುವೆ ಮುಂಜಿಗಳಿಗೆ ಬಾಡಿಗೆ ಕೊಡುವ ಅಂಗಡಿ. ಈ ಪತ್ರಿಕೆಯ ಓದುಗರಲ್ಲಿ ಕೆಲವರಾದರೂ ನಮ್ಮ ಕೊಪ್ಪರಿಗೆಯ ಸಾರು ಉಂಡವರೇ. ಸಂಘದ ರಾಜ್ಯೋತ್ಸವದಲ್ಲಿ ಭಾಷಣ ಉದ್ದವಾದಾಗ ನೀವು ಮಗ್ಗುಲು ಬದಲಿಸಿ ಕೂತ ಕುರ್ಚಿಗಳೂ ನಮ್ಮವೇ ಇದ್ದಾವು. ಇವನ್ನೆಲ್ಲ ಹೊತ್ತು ತಿರುಗುವುದು ೨೦೧೩ರಲ್ಲಿ ಕೊಂಡ ಒಂದು ಡೀಸೆಲ್ ಪಿಕಪ್. ಹೊಸ ಕಾಲದ ನಯನಾಜೂಕು ಅದಕ್ಕಿಲ್ಲ. ಮುಂದೆಯೂ ಹಿಂದೆಯೂ ಕಮಾನು ಪಟ್ಟಿ, ಮುಂದಿನ ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಉಕ್ಕಿನ ಆಕ್ಸಲ್, ಎಂಜಿನ್ನಿನ ನೆರವಿಲ್ಲದೆ ಬರೀ ತೋಳಿನ ಬಲದಿಂದ ತಿರುಗಿಸಬೇಕಾದ ಸ್ಟೀರಿಂಗ್.

ಅದನ್ನು ಮೊದಲ ದಿನದಿಂದ ನಡೆಸಿದವರು ಒಬ್ಬರೇ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡಿಗರು. ನಾವೆಲ್ಲ ಅವರನ್ನು ಮಾಮಾ ಎನ್ನುತ್ತೇವೆ. ಅವರು ನಮ್ಮನ್ನು ಸಾವ್ಕಾರ್ರ ಎನ್ನುತ್ತಾರೆ, ಸಾಹುಕಾರಿಕೆ ನಮ್ಮಲ್ಲಿ ಎಷ್ಟಿದೆಯೆಂಬುದು ಅವರಿಗೆ ಚೆನ್ನಾಗಿ ಗೊತ್ತಿದ್ದೂ. ಎರಡು ವರ್ಷದಿಂದ ಅವರ ಬಲಭುಜ ನೋಯುತ್ತಿತ್ತು. ಅಂಗಿ ತೊಡುವಾಗ ತೋಳು ಏರುತ್ತಿರಲಿಲ್ಲ. ಭಾರದ ಸ್ಟೀರಿಂಗ್ ಇನ್ನು ಬೇಡವೆಂದು ಡಾಕ್ಟರು ಹೇಳಿದಾಗ, ಲೈಸನ್ಸ್ ಪಡೆದಿದ್ದ ಅವರ ಮಗನೇ ಗಾಡಿಗೆ ಬರುವುದೆಂದೂ, ಮಾಮಾ ಅಂಗಡಿಯಲ್ಲಿ ಸಾಮಾನಿನ ಲೆಕ್ಕ ನೋಡಿಕೊಳ್ಳುವುದೆಂದೂ ತೀರ್ಮಾನವಾಯಿತು. ಹದಿನೈದು ದಿನ ಬಿಟ್ಟು ಪುಣೆಯಲ್ಲಿ ದೊಡ್ಡದೊಂದು ಮದುವೆಯ ಕೆಲಸವಿತ್ತು. ತುಂಬಿದ ಗಾಡಿಯಲ್ಲಿ ಖಂಡಾಲಾ ಘಾಟಿ ಹತ್ತಬೇಕು. ಮದುವೆ ಮುಗಿದ ರಾತ್ರಿಯೇ ಅದೇ ಭಾರದೊಡನೆ ಇಳಿಯಬೇಕು.

ಹುಡುಗ ಮೊದಲ ವಾರ ಚೆಂಬೂರು, ಕುರ್ಲಾಗಳ ಸುತ್ತಮುತ್ತ ಓಡಾಡಿದ. ಎರಡನೆಯ ವಾರ ವಾಶಿಯ ಒಂದು ಸಭಾಗೃಹಕ್ಕೆ ಕುರ್ಚಿ ಹೊತ್ತು ಹೋದವನು ಮರಳಿ ಬಂದು, ಅದೇ ಕುರ್ಚಿಗಳಲ್ಲೊಂದನ್ನು ಎಳೆದುಕೊಂಡು ಕೂತುಬಿಟ್ಟ. ಮುಖ ಬೆವತಿತ್ತು.

"ಅಣ್ಣಾರ, ಗಾಡಿ ನನ್ನ ಮಾತ ಕೇಳಂಗಿಲ್ರಿ" ಎಂದ. "ಸ್ಟೇರಿಂಗ್ ಹೊಳ್ಳಿಸಿದ್ರ ಮೊದ್ಲ ಸುಮ್ಮನ ಇರತೈತಿ, ಆಮ್ಯಾಲ ಒಮ್ಮಿಗೇ ಹೊಳ್ಳತೈತಿ. ಖಾಡಿ ಸೇತುವಿ ಮ್ಯಾಲ ಜೋಡಣಿ ದಾಟೂ ಮುಂದ ಎರಡೂ ಚಕ್ರ ಥರಥರ ನಡುಗಿ ಸ್ಟೇರಿಂಗ ಕೈಬಿಟ್ಟು ಹೋಗಾಕತ್ತಿತ್ತು. ಬ್ರೇಕ್ ಹೊಡದ್ರ ಎಡಕ ಎಳೀತೈತಿ."

ಮಾಮಾ ಲೆಕ್ಕದ ಪುಸ್ತಕದಿಂದ ತಲೆಯೆತ್ತಲಿಲ್ಲ. "ಹನ್ನೆರಡು ವರ್ಷ ನಾ ನಡಸೀನಿ, ಒಂದ ದಿನಾನೂ ಹಿಂಗ ಆಗಿಲ್ಲ. ಗಾಡ್ಯಾಗ ಏನೂ ದೋಷ ಇಲ್ರಿ ಸಾವ್ಕಾರ್ರ. ಹುಡುಗನ ಕೈಯಾಗ ಐತಿ."

ಇಬ್ಬರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಆದ್ದರಿಂದ ಮರುದಿನ ಮಾಮಾನನ್ನೇ ಸ್ಟೀರಿಂಗಿಗೆ ಕೂರಿಸಿ, ಪಕ್ಕದಲ್ಲಿ ನಾವು ಕೂತು ಅದೇ ಸೇತುವೆಗೆ ಹೋದೆವು. ಗಾಡಿ ನೂಲು ಹಿಡಿದಂತೆ ನೆಟ್ಟಗೆ ಹೋಯಿತು. ಆದರೆ ನೋಡುತ್ತ ಕೂತ ನಮಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಮಾಮಾನ ಕೈಗಳು ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ಪಾಕ ಹಿಡಿಯುವ ಅಡುಗೆಯವರ ಸೌಟಿನಂತೆ ಎರಡು ಬೆರಳು ಎಡಕ್ಕೆ, ಎರಡು ಬೆರಳು ಬಲಕ್ಕೆ ಆಡುತ್ತಲೇ ಇದ್ದವು. ಸೇತುವೆಯ ಜೋಡಣೆ ಬರುವ ಮೊದಲೇ ಎಕ್ಸಲರೇಟರಿನಿಂದ ಕಾಲು ಎತ್ತಿ ಸ್ಟೀರಿಂಗನ್ನು ಎದೆಯ ಕಡೆಗೆ ಬಿಗಿಹಿಡಿಯುತ್ತಿದ್ದರು. ಬ್ರೇಕಿನ ಮೇಲೆ ಕಾಲು ಹೋಗುವ ಮುನ್ನವೇ ಚಕ್ರವನ್ನು ಒಂದಿಷ್ಟು ಬಲಕ್ಕೆ ಕೊಡುತ್ತಿದ್ದರು. ಹೀಗೇಕೆ ಮಾಡುತ್ತೀರೆಂದು ಕೇಳಿದರೆ, "ನಾ ಏನ ಮಾಡ್ದೆ? ಏನೂ ಮಾಡ್ಲಿಲ್ಲಲ್ಲ!" ಎಂದು ನಮ್ಮನ್ನೇ ವಿಚಿತ್ರವಾಗಿ ನೋಡಿದರು.

ವಾಹನದ ಕಾಯಿಲೆಗೆ ವೈದ್ಯ ಹೇಳದವರು ಲೋಕದಲ್ಲಿಲ್ಲ. ಮುಂದಿನ ಎರಡು ಟೈರು ಬದಲಿಸಿ ಎಂದರು ಒಬ್ಬರು. ಅಲೈನ್‌ಮೆಂಟ್ ಮಾಡಿಸಿದರೆ ಸಾಕು ಎಂದರು ಇನ್ನೊಬ್ಬರು. ಗುಜರಿಗೆ ಹಾಕಿ ಹೊಸದು ತನ್ನಿ, ಕಂತಿನ ಸಾಲ ಸುಲಭ ಎಂದವರು ಮತ್ತೊಬ್ಬರು. ಕಂತು ಕಟ್ಟುವವರು ಅವರಲ್ಲವಾದ್ದರಿಂದ ಅವರಿಗೆ ಅದು ಸುಲಭವಾಗಿಯೇ ಕಂಡಿರಬೇಕು. ಎಂಟು ವರ್ಷ ದಾಟಿದ ಸಾಗಣೆ ವಾಹನಕ್ಕೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಪತ್ರ ಬೇಕು, ಅದರ ದಿನವೂ ಹತ್ತಿರ ಬಂದಿತ್ತು. ಟೈರನ್ನು ನಾವೂ ಬಗ್ಗಿ ನೋಡಿದೆವು. ಅಂಗೈಯನ್ನು ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು, ಹೊರಗಿನಿಂದ ಒಳಕ್ಕೆ ಸವರಿದರೆ ಗರಗಸದ ಹಲ್ಲು. ಟೈರು ಉರುಳುವುದರ ಜೊತೆಗೆ ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತಿತ್ತೆಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಹೊಸ ಟೈರು ಹಾಕಿದರೆ ಅದೂ ಹಾಗೆಯೇ ಉಜ್ಜೀತು.

ಕುರ್ಲಾದ ಸಿ.ಎಸ್.ಟಿ. ರಸ್ತೆಗೆ ತಗುಲಿದ ಗಲ್ಲಿಯೊಂದರಲ್ಲಿ ವಿಜಯಪುರದ ಕಡೆಯ ಉಸ್ತಾದರೊಬ್ಬರ ಗ್ಯಾರೇಜಿದೆ. ಲಾರಿ, ಟೆಂಪೋಗಳ ಮುಂಗಾಲಿನ ಕೆಲಸದಲ್ಲಿ ಅವರ ಕೈ ನುರಿತದ್ದು. ಗಾಡಿ ತಂದು ನಿಲ್ಲಿಸಿದಾಗ ಅವರು ಎಂಜಿನ್ನಿನ ಬಾನೆಟ್ಟನ್ನು ಎತ್ತಲೂ ಇಲ್ಲ. ಮುಂದಿನ ಮೂಲೆಯನ್ನು ಮೊಣಕಾಲಿನಿಂದ ಒತ್ತಿ ಬಿಟ್ಟರು. ಒಮ್ಮೆ ಏರಿ ನಿಲ್ಲಬೇಕಾದ ಗಾಡಿ ತೊಟ್ಟಿಲಿನಂತೆ ಮೂರು ನಾಲ್ಕು ಸಲ ತೂಗಿತು. "ಶಾಕ್ ಅಬ್ಸರ್ವರ್ ಸತ್ತು ಹೋಗ್ಯಾವ" ಎಂದರು. ಆಮೇಲೆ ಆಕ್ಸಲಿನ ಕೆಳಗೆ ಜಾಕ್ ಕೊಟ್ಟು ಚಕ್ರವನ್ನು ನೆಲದಿಂದ ಎತ್ತಿದರು. ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಟೈರನ್ನು ಹಿಡಿದು ಅಲುಗಿಸಿದರೆ, ಸಡಿಲ ಹಲ್ಲಿನಂತೆ ಕಟಕಟ ಎಂದಿತು. ಹುಡುಗನಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿದರು. ಬ್ರೇಕ್ ಒತ್ತಿದಾಗ ಆಟ ನಿಂತರೆ ದೋಷ ಚಕ್ರದ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ನಿನದು. ನಿಲ್ಲಲಿಲ್ಲ. ಮೂರು ಮತ್ತು ಒಂಬತ್ತರ ಜಾಗದಲ್ಲಿ ಹಿಡಿದು ತಳ್ಳಿದಾಗ ಟೈ ರಾಡಿನ ತುದಿಗಳೂ ತಮ್ಮ ಪಾಲಿನ ಆಟ ತೋರಿಸಿದವು. ಕೊನೆಗೆ ಹಾರೆಯನ್ನು ಟೈರಿನಡಿಗೆ ಕೊಟ್ಟು ಮೀಟಿದರೆ ಚಕ್ರ ಮೇಲಕ್ಕೂ ಕೆಳಕ್ಕೂ ಕುಣಿಯಿತು.

ಈ ಕಿಂಗ್‌ಪಿನ್ ಎಂದರೇನೆಂದು ಗಾಡಿಯ ಸಹವಾಸವಿಲ್ಲದ ಓದುಗರಿಗೆ ಹೇಳಬೇಕು. ನಮ್ಮ ಊರಿನ ತೇರನ್ನು ನೆನೆಯಿರಿ. ಅದರ ಅಚ್ಚು ತಿರುಗುವುದಿಲ್ಲ. ಬೀದಿಯ ತಿರುವಿನಲ್ಲಿ ಸನ್ನೆಗೋಲು ಕೊಡುವವರು, ಚಕ್ರಕ್ಕೆ ಅಡ್ಡ ಮರ ಒಡ್ಡುವವರು ಗಂಟಲು ಹರಿಯುವಂತೆ ಕೂಗಿ, ದೇವರನ್ನು ಗೇಣು ಗೇಣಾಗಿ ತಿರುಗಿಸುತ್ತಾರೆ. ಎತ್ತಿನ ಬಂಡಿ ಸಣ್ಣದು, ಎರಡೇ ಚಕ್ರದ್ದು, ಎತ್ತು ತಿರುಗಿದತ್ತ ತಾನೂ ತಿರುಗುತ್ತದೆ. ನಾಲ್ಕು ಚಕ್ರದ ಕುದುರೆ ಸಾರೋಟಿನಲ್ಲಿ ಮುಂದಿನ ಅಚ್ಚು ಇಡಿಯಾಗಿ ತಿರುಗಬೇಕಾಗಿತ್ತು. ತಿರುವು ಹೆಚ್ಚಾದರೆ ಸಾರೋಟು ಮಗುಚುವ ಭಯ. ಮ್ಯೂನಿಕ್ಕಿನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ ಇದಕ್ಕೊಂದು ಉಪಾಯ ಕಂಡುಹಿಡಿದ. ಅಚ್ಚು ಇದ್ದಲ್ಲೇ ಇರಲಿ, ಅದರ ಎರಡು ತುದಿಯಲ್ಲಿ ಒಂದೊಂದು ನಿಂತ ಕೀಲು ಹಾಕಿ, ಪ್ರತಿಯೊಂದು ಚಕ್ರವೂ ತನ್ನ ಕೀಲಿನ ಸುತ್ತ ತಿರುಗಲಿ ಎಂಬುದೇ ಆ ಉಪಾಯ. ೧೮೧೮ರಲ್ಲಿ ಅದರ ಪೇಟೆಂಟನ್ನು ಇಂಗ್ಲೆಂಡಿನಲ್ಲಿ ಪಡೆದವನು ರುಡಾಲ್ಫ್ ಆಕರ್‌ಮನ್. ಆದ್ದರಿಂದ ಕಂಡುಹಿಡಿದವನ ಹೆಸರು ಉಳಿಯದೆ ಪೇಟೆಂಟು ಪಡೆದವನ ಹೆಸರೇ ಇಂದಿಗೂ ನಿಂತಿದೆ. ಆ ನಿಂತ ಕೀಲೇ ಕಿಂಗ್‌ಪಿನ್. ಹೆಬ್ಬೆರಳಿಗಿಂತ ತುಸು ದಪ್ಪದ ಉಕ್ಕಿನ ಗೂಟ. ಅದು ಆಕ್ಸಲಿನ ಕಣ್ಣಿನಲ್ಲಿ ಅಲುಗದಂತೆ ಕೂತಿರುತ್ತದೆ. ಚಕ್ರವನ್ನು ಹೊತ್ತ ನಕಲ್ ಅದರ ಸುತ್ತ ಮೇಲೊಂದು ಕೆಳಗೊಂದು ಬುಶ್ಶಿನ ಮೇಲೆ ತಿರುಗುತ್ತದೆ. ಮುಂದಿನ ಭಾರವೆಲ್ಲ ಕೂರುವುದು ನಡುವಿನ ಥ್ರಸ್ಟ್ ಬೇರಿಂಗಿನ ಮೇಲೆ. ಹಿಂದಿನವರು ಬಂಡಿಯ ಕಡೆಗೀಲಿಗೆ ದೊಡ್ಡ ಬೆಲೆ ಕೊಟ್ಟಿದ್ದರು. ವಚನಕಾರರೂ ಅದನ್ನು ಮರೆಯಲಿಲ್ಲ. ಕಿಂಗ್‌ಪಿನ್ ಅದೇ ವಂಶದ್ದು.

ಉಸ್ತಾದರ ಪಟ್ಟಿ ಅಲ್ಲಿಗೆ ಮುಗಿಯಲಿಲ್ಲ. ಎಡಗಡೆಯ ಕಮಾನು ಪಟ್ಟಿ ಬಲಗಡೆಯದಕ್ಕಿಂತ ಎರಡು ಬೆರಳು ಕುಗ್ಗಿತ್ತು. ಟಾರ್ಚು ಬಿಟ್ಟು ನೋಡಿದರೆ ಎರಡನೆಯ ಪಟ್ಟಿಯಲ್ಲಿ ಕೂದಲೆಳೆಯ ಬಿರುಕು. ಕಮಾನು ಪಟ್ಟಿ ಭಾರ ಬಿದ್ದಾಗ ಚಪ್ಪಟೆಯಾಗಿ ಉದ್ದವಾಗುತ್ತದೆ. ಉದ್ದವಾಗಲು ಎಡೆ ಬೇಕಲ್ಲ, ಅದಕ್ಕಾಗಿ ಅದರ ಒಂದು ತುದಿಯನ್ನು ಶ್ಯಾಕಲ್ ಎಂಬ ಉಯ್ಯಾಲೆಗೆ ನೇತುಹಾಕಿರುತ್ತಾರೆ. ಆ ಉಯ್ಯಾಲೆಯ ರಬ್ಬರ್ ಬುಶ್ ತಿಂದುಹೋಗಿ ಕಬ್ಬಿಣಕ್ಕೆ ಕಬ್ಬಿಣ ತಗಲುತ್ತಿತ್ತು. ಸ್ಟೀರಿಂಗ್ ಬಾಕ್ಸಿನ ಮೇಲಿನ ಸ್ಕ್ರೂವನ್ನು ಹಿಂದೆ ಯಾವುದೋ ಗ್ಯಾರೇಜಿನಲ್ಲಿ ಮಿತಿಮೀರಿ ಬಿಗಿ ಮಾಡಿದ್ದರು. ಕೆಳಗಿನ ಸಡಿಲವನ್ನು ಮೇಲಿನ ಬಿಗಿಯಿಂದ ಮುಚ್ಚುವ ಉಪಾಯ ಅದು. ಅದರಿಂದ ಸಡಿಲ ಹೋಗಲಿಲ್ಲ, ಸ್ಟೀರಿಂಗ್ ಭಾರವಾಯಿತು ಅಷ್ಟೆ.

ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಯಾವುದೂ ಭಾರಿ ದೋಷವಲ್ಲ. ಇಲ್ಲಿ ಅರ್ಧ ಮಿಲಿಮೀಟರು, ಅಲ್ಲಿ ಒಂದು ಮಿಲಿಮೀಟರು. ಆದರೆ ಸ್ಟೀರಿಂಗಿನಿಂದ ಟೈರಿನವರೆಗೆ ಕೈಯಿಂದ ಕೈಗೆ ದಾಟುವ ಮಾತು ಏಳೆಂಟು ಕೀಲುಗಳನ್ನು ಹಾಯಬೇಕು. ಪ್ರತಿ ಕೀಲೂ ತನ್ನ ಪಾಲಿನ ಸಡಿಲವನ್ನು ಕೂಡಿಸುತ್ತ ಹೋದರೆ, ಸ್ಟೀರಿಂಗಿನ ಅಂಚಿನಲ್ಲಿ ಅದು ಮೂರು ನಾಲ್ಕು ಬೆರಳಿನ ಆಟವಾಗುತ್ತದೆ. ಅಲ್ಲದೆ ಸವೆತ ಒಂದು ಕಡೆ ಕೂತಿರುವಂಥದಲ್ಲ. ಶಾಕ್ ಸತ್ತರೆ ಪಟ್ಟಿ ಹೆಚ್ಚು ಕುಣಿಯುತ್ತದೆ, ಪಟ್ಟಿ ಕುಣಿದರೆ ಬುಶ್ ಹೋಗುತ್ತದೆ, ಬುಶ್ ಹೋದರೆ ಪೆಟ್ಟು ಕಿಂಗ್‌ಪಿನ್ನಿಗೆ, ಕಿಂಗ್‌ಪಿನ್ ಸಡಿಲವಾದರೆ ಟೈರಿಗೆ.

ಮಾಮಾ ಇದೆಲ್ಲವನ್ನೂ ಕೈಕಟ್ಟಿ ನಿಂತು ಕೇಳುತ್ತಿದ್ದರು. ಮುಖ ಕಪ್ಪಿಟ್ಟಿತ್ತು. "ಹಂಗಾದ್ರ ಇಷ್ಟು ದಿನ ನಾ ನಡಸಿದ್ದು ಹ್ಯಾಂಗ್ರಿ?" ಎಂದು ಕೇಳಿದರು. ದೋಷ ಗಾಡಿಯದೆಂದರೆ ಅವರ ಹನ್ನೆರಡು ವರ್ಷದ ಕಸುಬಿಗೆ ಕುಂದು ಹೇಳಿದಂತೆ ಅವರಿಗೆ ಕೇಳಿಸಿತ್ತು.

ಉಸ್ತಾದರು ಹಾರೆಯನ್ನು ಕೆಳಗಿಟ್ಟು ಅವರ ಬಲಭುಜದ ಮೇಲೆ ಮೆಲ್ಲಗೆ ಕೈಯಿಟ್ಟರು. "ಮಾಮಾ, ಈ ಗಾಡ್ಯಾಗ ಇನ್ನೊಂದು ಬುಶ್ ಐತಿ. ಕಂಪನಿಯವ್ರು ಹಾಕಿದ್ದಲ್ಲ ಅದು. ಇಲ್ಲೈತಿ ನೋಡ್ರಿ" ಎಂದರು.

ಗ್ಯಾರೇಜಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಗಾಡಿಯ ಆಟವನ್ನೆಲ್ಲ ಅಷ್ಟು ವರ್ಷ ತನ್ನೊಳಗೆ ನುಂಗಿಕೊಂಡದ್ದು ಆ ಭುಜ. ಸವೆತ ದಿನಕ್ಕೊಂದು ಕೂದಲೆಳೆಯಷ್ಟು ಬಂದಿತ್ತು; ಕೈಯೂ ದಿನಕ್ಕೊಂದು ಕೂದಲೆಳೆಯಷ್ಟು ಕಲಿತುಕೊಂಡಿತ್ತು. ಎರಡೂ ಜೊತೆಜೊತೆಯಾಗಿ ನಡೆದು ಬಂದದ್ದರಿಂದ ಮಾಮಾನಿಗೆ ಗಾಡಿ ಎಂದೂ ಕೆಟ್ಟದ್ದೇ ಇಲ್ಲ. ಕೆಟ್ಟದ್ದು ಹೊರಬಿದ್ದದ್ದು ಕಲಿಯದ ಕೈಯೊಂದು ಬಂದು ಕೂತಾಗ. ತಂದೆ ಮಗನಿಗೆ ಗಾಡಿಯ ಕೀಲಿಕೈ ಕೊಡಬಹುದು. ಈ ಕೈಯನ್ನು ಕೊಡಲು ಬರುವುದಿಲ್ಲ. ಕೊಡುವಂತಿದ್ದರೂ ಕೊಡಬಾರದು, ಏಕೆಂದರೆ ಅದರ ಜೊತೆಗೆ ಆ ಭುಜವೂ ಹೋಗುತ್ತದೆ.

ಅಂದೇ ತೀರ್ಮಾನವಾಯಿತು: ಮುಂಗಾಲಿನ ಕೆಲಸವೆಲ್ಲ ಒಟ್ಟಿಗೆ, ಎರಡೂ ಕಡೆ. ಸಾಮಾನಿಗೆ ದೂರ ಹೋಗಬೇಕಾಗಿರಲಿಲ್ಲ. ಕುರ್ಲಾದ ಆ ರಸ್ತೆಯುದ್ದಕ್ಕೂ ಬಿಡಿಭಾಗಗಳ ಅಂಗಡಿಗಳೇ. ಪುಣೆಯವರಿಗೆ ನಾನಾ ಪೇಟೆ, ಚೆನ್ನೈಯವರಿಗೆ ಪುದುಪೇಟೆ, ದಿಲ್ಲಿಯವರಿಗೆ ಕಾಶ್ಮೀರಿ ಗೇಟ್, ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಹೇಗೋ ನಮಗೆ ಇದು ಹಾಗೆ. ಅಂಗಡಿಯವರು ಒಂದೇ ಕಿಂಗ್‌ಪಿನ್ನಿಗೆ ಮೂರು ಬೆಲೆ ಹೇಳಿದರು. ಪೆಟ್ಟಿಗೆಯ ಬಣ್ಣ ನೋಡಿದರೆ ಮೂರೂ ಒಂದೇ. ಉಸ್ತಾದರು ಜೇಬಿನಿಂದ ಸಣ್ಣ ಅರವೊಂದನ್ನು ತೆಗೆದು, ಅಂಗಡಿಯವರ ಒಪ್ಪಿಗೆ ಪಡೆದು, ಪಿನ್ನಿನ ತುದಿಗೆ ಉಜ್ಜಿ ನೋಡಿದರು. ಹದ ಕೊಟ್ಟ ಒಳ್ಳೆಯ ಪಿನ್ನಿನ ಮೇಲೆ ಅರ ಜಾರಬೇಕು, ಕಚ್ಚಬಾರದು. ಅಗ್ಗದ್ದರ ಮೇಲೆ ಅದು ಬೆಣ್ಣೆಗೆ ಚೂರಿ ಇಟ್ಟಂತೆ ಕಚ್ಚಿತು. ಒಂದು ಹೊಸ ಟೈರಿನ ಬೆಲೆಯಲ್ಲಿ ಎರಡೂ ಕಡೆಯ ಕಿಂಗ್‌ಪಿನ್ ಸೆಟ್ಟು ಬಂದು ಇನ್ನೂ ಚಿಲ್ಲರೆ ಉಳಿಯಿತೆಂದರೆ, ಟೈರು ಬದಲಿಸಿ ಎಂದವರ ಸಲಹೆಯ ಬೆಲೆ ನಿಮಗೆ ತಿಳಿದೀತು. ಹೆಚ್ಚು ಹಣ ಹೋದದ್ದು ಕಮಾನು ಪಟ್ಟಿಗೆ. ಭಾರಕ್ಕಾಗಿ ಒಂದು ಪಟ್ಟಿ ಹೆಚ್ಚಿಗೆ ಏರಿಸಬಹುದೇ ಎಂದು ಕೇಳಿದೆವು. "ಪಟ್ಟಿ ಏರಿಸಿದ್ರ ಪೆಟ್ಟು ಎಲ್ಲೂ ಓಡಿ ಹೋಗಂಗಿಲ್ರಿ. ಪಟ್ಟಿ ತಡೀಲಿಲ್ಲಂದ್ರ ಚಾಸಿ ತಡೀಬೇಕು. ಭಾರ ಕಮ್ಮಿ ಹಾಕ್ರಿ" ಎಂದರು ಉಸ್ತಾದರು.

ಕೆಲಸ ಎರಡು ದಿನ ಹಿಡಿಯಿತು. ಹಳೆಯ ಕಿಂಗ್‌ಪಿನ್ನು ಮೊದಲ ದಿನ ಜಪ್ಪಯ್ಯ ಎಂದರೂ ಬರಲಿಲ್ಲ. ಅದನ್ನು ಅಡ್ಡಡ್ಡ ಹಿಡಿದಿಟ್ಟ ಸಣ್ಣ ಲಾಕ್ ಪಿನ್ನನ್ನು ತೆಗೆದು, ರಾತ್ರಿಯಿಡೀ ಡೀಸೆಲ್ ಕುಡಿಸಿ, ಬೆಳಿಗ್ಗೆ ಹಿತ್ತಾಳೆಯ ಗೂಟ ಇಟ್ಟು ಸುತ್ತಿಗೆಯಿಂದ ಹೊಡೆದಾಗ ಹೊರಬಿತ್ತು. ಕೈಯಲ್ಲಿ ಹಿಡಿದು ನೋಡಿದರೆ ದುಂಡಗಿರಬೇಕಾದದ್ದು ಒಂದು ಮಗ್ಗುಲಲ್ಲಿ ಕಬ್ಬಿನ ಗಿಣ್ಣಿನಂತೆ ಕೊರೆದಿತ್ತು. ಟೈ ರಾಡಿನ ತುದಿಯನ್ನು ಬಿಡಿಸುವುದು ಇನ್ನೊಂದು ಚಮತ್ಕಾರ. ಅದು ಮೊನಚಾಗಿ ಕೂತಿರುವುದರಿಂದ ಎಳೆದರೆ ಬರುವುದಿಲ್ಲ. ಅದು ಕೂತ ಕಣ್ಣಿನ ಎರಡು ಮಗ್ಗುಲಿಗೂ ಒಟ್ಟಿಗೆ ಎರಡು ಸುತ್ತಿಗೆಯಿಂದ ಹೊಡೆದರೆ ಟಪ್ಪನೆ ತಾನಾಗಿ ಕಳಚಿಕೊಳ್ಳುತ್ತದೆ. ಹೊಸದನ್ನು ಹಾಕಿದಾಗ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಬೇಕೇ ಬೇಕು. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕಲು ಹೊರಟ ಚೇಲಾ ಹುಡುಗನಿಗೆ ಉಸ್ತಾದರಿಂದ ಚೆನ್ನಾಗಿ ಅರ್ಚನೆಯಾಯಿತು. ಎರಡು ರೂಪಾಯಿಯ ತಂತಿಯ ಮೇಲೆ ನಾಲ್ಕು ಜನರ ಜೀವ ನಿಂತಿರುತ್ತದೆ.

ಹೊಸ ಬುಶ್ಶನ್ನು ಒತ್ತಿ ಕೂರಿಸುವಾಗ ಉಸ್ತಾದರು ಎಲ್ಲಕ್ಕಿಂತ ಮೊದಲು ನೋಡಿದ್ದು ಗ್ರೀಸಿನ ತೂತನ್ನು. ಬುಶ್ಶಿನ ತೂತೂ ನಕಲ್ಲಿನ ತೂತೂ ಎದುರುಬದುರಾಗಿ ಕೂರದಿದ್ದರೆ ಹೊರಗಿನಿಂದ ಎಷ್ಟು ಗ್ರೀಸ್ ತುಂಬಿದರೂ ಒಳಗೆ ಬರಗಾಲವೇ. ಆಮೇಲೆ ರೀಮರ್ ಹಾಕಿ ತಿರುತಿರುಗಿಸಿ, ಪಿನ್ನು ಹೆಬ್ಬೆರಳಿನ ಒತ್ತಡಕ್ಕೆ ನಯವಾಗಿ ಇಳಿಯುವಷ್ಟು ಹದ ಮಾಡಿದರು. ತೆಳ್ಳನೆಯ ಶಿಮ್ ಕೊಟ್ಟು ಮೇಲೆ ಕೆಳಗಿನ ಕುಣಿತ ನಿಲ್ಲಿಸಿದರು. ಶ್ಯಾಕಲ್ಲಿನ ಬೋಲ್ಟುಗಳನ್ನು ಮಾತ್ರ ಗಾಡಿ ಎತ್ತಿದ್ದಾಗ ಬಿಗಿ ಮಾಡಲಿಲ್ಲ. ಚಕ್ರ ನೆಲಕ್ಕೆ ಇಳಿದು ಗಾಡಿಯ ಭಾರ ಪಟ್ಟಿಯ ಮೇಲೆ ಕೂತ ನಂತರವೇ ಬಿಗಿದರು. ಜೋತುಬಿದ್ದಿದ್ದಾಗ ಬಿಗಿದರೆ ರಬ್ಬರು ಹುಟ್ಟಿನಿಂದಲೇ ತಿರುಚಿಕೊಂಡು ಬೇಗ ಹರಿಯುತ್ತದಂತೆ. ಕಡೆಗೆ ಟೈರುಗಳ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಟೇಪು ಹಿಡಿದು ಹಿಂದೆ ಮುಂದೆ ಅಳೆದರು. ಮುಂದಿನ ಅಳತೆ ಹಿಂದಿನದಕ್ಕಿಂತ ಒಂದೆರಡು ಮಿಲಿಮೀಟರು ಕಡಿಮೆಯಿರಬೇಕು. ಟೈ ರಾಡಿನ ಒಂದು ತುದಿಯ ಮರೆ ಎಡಸುತ್ತಿನದು, ಇನ್ನೊಂದು ತುದಿಯದು ಬಲಸುತ್ತಿನದು; ನಡುವಿನ ಕೊಳವೆಯನ್ನು ತಿರುಗಿಸಿದರೆ ಎರಡೂ ತುದಿ ಒಟ್ಟಿಗೆ ಹತ್ತಿರ ಬರುತ್ತವೆ, ಇಲ್ಲವೇ ದೂರ ಸರಿಯುತ್ತವೆ. ಎರಡು ದಿನವೂ ಮಾಮಾ ಅಂಗಡಿಗೆ ಬರಲಿಲ್ಲ. ಗಾಡಿಯಡಿಗೆ ದೀಪ ಹಿಡಿದುಕೊಂಡು, ಎಡಗೈಯಲ್ಲಿ ಸ್ಪ್ಯಾನರ್ ನೀಡುತ್ತ ಅಲ್ಲೇ ಇದ್ದರು.

ಮೊದಲ ಓಟಕ್ಕೆ ಉಸ್ತಾದರು ಕೀಲಿಕೈಯನ್ನು ಕೊಟ್ಟದ್ದು ಮಾಮಾನ ಕೈಗೆ. ನಾವು ಹಿಂದೆ ನಿಂತು ನೋಡಿದೆವು. ನೂಲು ಹಿಡಿದಂತೆ ಹೋಗುತ್ತಿದ್ದ ಅದೇ ಮನುಷ್ಯನ ಗಾಡಿ, ಹೊಸ ಕೀಲುಗಳೊಡನೆ, ಖಾಲಿ ರಸ್ತೆಯಲ್ಲಿ ಹಾವಿನಂತೆ ಹೊರಳಿತು. ಎರಡು ಬೆರಳು ಎಡಕ್ಕೆ ಆಡಿದರೆ ಗಾಡಿ ಎಡಕ್ಕೆ, ಎರಡು ಬೆರಳು ಬಲಕ್ಕೆ ಆಡಿದರೆ ಗಾಡಿ ಬಲಕ್ಕೆ. ಬ್ರೇಕಿಗೆ ಮುಂಚೆ ಬಲಕ್ಕೆ ಕೊಟ್ಟ ತಿರುವಿಗೆ ಗಾಡಿ ವಿಧೇಯವಾಗಿ ಬಲಗಡೆಯೇ ಸರಿಯಿತು. ನೂರು ಮಾರು ಹೋಗಿ ನಿಲ್ಲಿಸಿದರು. ನಾವು ಹತ್ತಿರ ಹೋದಾಗ ಸ್ಟೀರಿಂಗಿನ ಮೇಲಿದ್ದ ತಮ್ಮ ಕೈಗಳನ್ನೇ ನೋಡುತ್ತ ಕೂತಿದ್ದರು.

"ನನ್ನ ಕೈ ಇನ್ನೂ ಹಳೇ ಗಾಡೀನ ನಡಸಾಕತ್ತಾವ" ಎಂದರು. ಆಮೇಲೆ ಇಳಿದು ಮಗನನ್ನು ಕರೆದು, "ಕೂಡ್ರು. ಜಾಸ್ತಿ ಜಗ್ಗಬ್ಯಾಡ. ಅದರ ಪಾಡಿಗೆ ಅದನ್ನ ಬಿಡು, ತಾನ ಹೋಗತೈತಿ" ಎಂದರು.

ಮದುವೆಯ ಭಾರ ಹೊತ್ತು ಆ ಹುಡುಗ ಖಂಡಾಲಾ ಘಾಟಿ ಹತ್ತಿ ಹೋದ, ರಾತ್ರಿ ಇಳಿದು ಬಂದ. ಹೇಳಿಕೊಳ್ಳುವಂಥದೇನೂ ನಡೆಯಲಿಲ್ಲ ಎಂಬುದೇ ಆ ಪ್ರಯಾಣದ ದೊಡ್ಡ ಸುದ್ದಿ. ಅವನು ಬಂದು ಮಲಗುವವರೆಗೆ ಮಾಮಾ ಅಂಗಡಿಯ ಜಗಲಿಯಲ್ಲಿ ಎಚ್ಚರವಾಗಿಯೇ ಕೂತಿದ್ದರು. ಲೆಕ್ಕದ ಪುಸ್ತಕ ತೊಡೆಯ ಮೇಲಿತ್ತು, ತೆರೆದಿರಲಿಲ್ಲ.

ಗಾಡಿ ಸರಿಹೋದ ಮೇಲೆ ನಮಗೆ ಎಲ್ಲೆಲ್ಲೂ ಮಾಮಾನ ಭುಜವೇ ಕಾಣತೊಡಗಿದೆ. ಎಷ್ಟು ಮನೆಗಳು ಒಬ್ಬ ಅತ್ತಿಗೆಯ ತಾಳ್ಮೆಯ ಮೇಲೆ ನೆಟ್ಟಗೆ ಓಡುತ್ತಿಲ್ಲ? ಅಣ್ಣನ ಸಿಡುಕು ಅರ್ಧ ಮಿಲಿಮೀಟರು, ಮಾವನ ಹಟ ಒಂದು ಮಿಲಿಮೀಟರು. ಆಕೆ ಎಲ್ಲವನ್ನೂ ತನ್ನ ಕೈಯಲ್ಲಿ ನುಂಗಿಕೊಂಡು ಮನೆಯನ್ನು ರಸ್ತೆಯ ಮೇಲೆ ಇಟ್ಟಿರುತ್ತಾಳೆ. ಕೇಳಿದರೆ, ನಾನೇನು ಮಾಡಿದೆ, ಏನೂ ಇಲ್ಲವಲ್ಲ ಎನ್ನುತ್ತಾಳೆ. ಪರವೂರಿನಲ್ಲಿರುವ ನಮ್ಮ ಕನ್ನಡ ಸಂಘಗಳನ್ನೇ ನೋಡಿ. ಪ್ರತಿ ಸಂಘದಲ್ಲೂ ಒಬ್ಬರಿರುತ್ತಾರೆ: ಸಭಾಗೃಹದ ಬೀಗದ ಕೈ ಅವರ ಬಳಿ, ಬಾರದ ಅತಿಥಿಯ ಬದಲಿಗೆ ಮಾತಾಡುವವರು ಅವರು, ಚಂದಾ ಕೊಡದವರ ಮನೆಗೆ ಮೂರು ಸಲ ಹೋಗುವವರು ಅವರು, ಇಬ್ಬರು ಪದಾಧಿಕಾರಿಗಳು ಮಾತು ಬಿಟ್ಟಾಗ ನಡುವೆ ಓಡಾಡುವವರೂ ಅವರೇ. ಸಂಘ ಚೆನ್ನಾಗಿ ನಡೆಯುತ್ತಿದೆ ಎಂದು ವಾರ್ಷಿಕ ವರದಿ ಹೇಳುತ್ತದೆ. ಒಂದು ವರ್ಷ ಅವರ ಆರೋಗ್ಯ ತಪ್ಪಿ ಹೊಸಬರೊಬ್ಬರು ಬಂದು ಕೂತರೆ ಮೊದಲ ತಿಂಗಳಿಗೇ ಚಕ್ರ ನಡುಗುತ್ತದೆ. ಆಗ ನಾವೆಲ್ಲ ಹೇಳುವುದು ಒಂದೇ ಮಾತು: ಈಗಿನ ಹುಡುಗರಿಗೆ ಕೆಲಸ ಬಾರದು. ಆ ಹುಡುಗರು ಹೇಳುವುದನ್ನೂ ಒಮ್ಮೆ ಜಾಕ್ ಕೊಟ್ಟು ನೋಡಬೇಕು. ಹೊಸ ಕೈಗೆ ಮಾತ್ರ ತಿಳಿಯುವ ಕೆಲವು ದೋಷಗಳಿವೆ. ಹಳೆಯ ಕೈ ಕುಶಲವಾದದ್ದರಿಂದಲೇ ಅದಕ್ಕೆ ಅವು ಕಾಣುವುದಿಲ್ಲ. ಹಳೆಯ ಕೈಯನ್ನು ಹೊಗಳಿ ಶಾಲು ಹೊದಿಸುವುದು ಒಳ್ಳೆಯದೇ. ಆದರೆ ಶಾಲು ಹೊದಿಸುವ ಭುಜ ಯಾವುದನ್ನು ಹೊತ್ತು ಸವೆದಿದೆಯೆಂದು ನೋಡಿ, ಆ ಕೀಲನ್ನು ಬದಲಿಸುವುದು ಇನ್ನೂ ಒಳ್ಳೆಯದು.

ಹೊಸ ಪಟ್ಟಿಗಳು ಭಾರಕ್ಕೆ ಹದಗೊಂಡು ಕೂತ ಮೇಲೆ ಯೂ ಬೋಲ್ಟುಗಳು ಸ್ವಲ್ಪ ಸಡಿಲವಾಗುತ್ತವೆಯಾದ್ದರಿಂದ, ಕೆಲವು ನೂರು ಕಿಲೋಮೀಟರಿನ ನಂತರ ಮತ್ತೊಮ್ಮೆ ಬಿಗಿಸಿಕೊಂಡು ಹೋಗಬೇಕೆಂದು ಉಸ್ತಾದರು ಹೇಳಿದ್ದರು. ಪುಣೆಯಿಂದ ಬಂದ ಮೂರನೆಯ ದಿನವೇ ಮಾಮಾ ಹುಡುಗನನ್ನು ಕರೆದುಕೊಂಡು ಹೋಗಿ ಬಿಗಿಸಿ ತಂದರು. ಕಿಂಗ್‌ಪಿನ್ನಿಗೆ ಗ್ರೀಸು ಹೊಡೆಯುವ ಕೆಲಸವನ್ನು ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಗಾಡಿಗೆ ಕುಂಕುಮ ಹಚ್ಚಿ, ಚಕ್ರದಡಿಗೆ ನಿಂಬೆಹಣ್ಣಿಡುವುದು ಅವರ ಹಿಂದಿನ ವಾಡಿಕೆ. ಈಗ ನಿಂಬೆಹಣ್ಣಿನ ಬುಟ್ಟಿಯ ಪಕ್ಕದಲ್ಲಿ ಗ್ರೀಸ್ ಗನ್ನೂ ಇರುತ್ತದೆ. ನಾಲ್ಕೂ ನಿಪ್ಪಲ್ಲುಗಳಿಗೆ, ಹಳೆಯ ಕರಿ ಗ್ರೀಸು ಹೊರಬಂದು ಹೊಸದು ಅಂಚಿನಲ್ಲಿ ಕಾಣುವವರೆಗೆ, ಎಡಗೈಯಿಂದ ಮೆಲ್ಲಗೆ ಒತ್ತುತ್ತಾರೆ. ಹುಡುಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಷ್ಟು ಒತ್ತೆಂದು ಎಣಿಸುತ್ತಾನೆ. ನಿಂಬೆಹಣ್ಣು ಚಕ್ರದಡಿಯಲ್ಲಿ ಫಟ್ಟೆಂದ ಮೇಲೆ, ಗಾಡಿ ಅಂದಿನ ಮೊದಲ ಬಾಡಿಗೆಗೆ ಹೊರಡುತ್ತದೆ.